ಅಕ್ಕಪಕ್ಕದ ಮನೆಯವರ ಸ್ಲೋ ಬರ್ನ್ ರೊಮ್ಯಾಂಟಿಕ್ ಸಸ್ಪೆನ್ಸ್ ಬರೆಯೋದು ಹೇಗೆ: ಮಂಡ್ಯ ಕಡೆಯ ಒಂದು ಕಬ್ಬಿನ ಗದ್ದೆ ಇಟ್ಕೊಂಡು

ರೊಮ್ಯಾಂಟಿಕ್ ಸಸ್ಪೆನ್ಸ್ ಬರೀಬೇಕು ಅಂತ ಕೂರೋರಲ್ಲಿ ತುಂಬ ಜನ ಗೊತ್ತಿಲ್ದೇನೇ ಎರಡು ಕಾದಂಬರಿ ಬರೀತಾರೆ. ಒಂದು ಅಧ್ಯಾಯ ಪ್ರೀತಿ, ಮುಂದಿನದು ಭಯ, ಮತ್ತೆ ಪ್ರೀತಿ, ಹಿಂಗೆ ಪಾಳಿ ಮೇಲೆ ಬರುತ್ತೆ, ಪ್ರೀತಿ ಇಷ್ಟ ಇರೋರು ಕೊಲೆ ಭಾಗ ಹಾರಿಸ್ಕೊಂಡು ಓದ್ತಾರೆ, ಸಸ್ಪೆನ್ಸ್ ಬೇಕಾದೋರು ಪ್ರೀತಿ ಭಾಗ ಹಾರಿಸ್ತಾರೆ, ಕೊನೆಗೆ ಯಾರೂ ಪೂರ್ತಿ ಪುಸ್ತಕ ಓದಿರಲ್ಲ. ಇದಕ್ಕೆ ನನಗೆ ಗೊತ್ತಿರೋ ಪರಿಹಾರ ಒಂದೇ. ಯಾವ ವಿಷಯ ನಾಯಕಿಗೆ ಭಯ ಹುಟ್ಟಿಸುತ್ತೋ ಅದೇ ವಿಷಯ ನಾಯಕ ನಾಯಕಿ ಇಬ್ಬರನ್ನೂ ಹತ್ರ ತರಬೇಕು. ಇಡೀ ಕಾದಂಬರಿಯಲ್ಲಿ ಬರೋ ಮುಖ್ಯ ವಸ್ತು, ಮುಖ್ಯ ಘಟನೆ, ಮುಖ್ಯ ಗುಟ್ಟು ಪ್ರತಿಯೊಂದೂ ಈ ಎರಡು ಕೆಲಸ ಮಾಡ್ತಿದ್ಯಾ ಅಂತ ನೋಡ್ಕೊಳ್ಳಿ. ಒಂದೇ ಕೆಲಸ ಮಾಡ್ತಿದ್ರೆ ಅದನ್ನ ತೆಗೀರಿ ಇಲ್ಲಾ ಬದಲಾಯಿಸಿ.

ಬರೀ ಥಿಯರಿ ಹೇಳಿದ್ರೆ ಪ್ರಯೋಜನ ಇಲ್ಲ, ಅದಕ್ಕೆ ಒಂದು ಕಥೆ ಕಟ್ಕೊಂಡೇ ಹೋಗೋಣ. ಪಾಂಡವಪುರ ತಾಲ್ಲೂಕು, ವಿ.ಸಿ. ನಾಲೆಯಿಂದ (ವಿಶ್ವೇಶ್ವರಯ್ಯ ನಾಲೆ) ನೀರು ಬರೋ ಒಂದು ಊರು, ಹೆಸರು ನೀವೇ ಇಟ್ಕೊಳ್ಳಿ. ಊರಿಂದ ಸ್ವಲ್ಪ ಆಚೆ ಎರಡು ಒಂಟಿ ಮನೆ, ನಡುವೆ ಯಾರದ್ದೋ ಕಬ್ಬಿನ ಗದ್ದೆ. ಒಂದು ಮನೆಗೆ ಮಂಗಳ ಬಂದಿದ್ದಾಳೆ, 34 ವರ್ಷ, ಬೆಂಗಳೂರಲ್ಲಿ ಹೊಡೆಯೋ ಗಂಡನ್ನ ಬಿಟ್ಟು, ತೀರಿಹೋದ ಅಜ್ಜಿ ಮನೆಗೆ ಒಂದು ಹೊಲಿಗೆ ಮೆಷಿನ್ ಇಟ್ಕೊಂಡು. ಇನ್ನೊಂದು ಮನೇಲಿ ಶಂಕರ, 39, ಹಿಂದೆ 108 ಆಂಬುಲೆನ್ಸ್ ಡ್ರೈವರ್ ಆಗಿದ್ದೋನು, ಈಗ ಸ್ಟೇರಿಂಗ್ ಮುಟ್ಟಲ್ಲ, ನಾಲ್ಕು ಹಸು ಸಾಕ್ಕೊಂಡು ಡೈರಿಗೆ ಹಾಲು ಹಾಕ್ತಾನೆ. ಇಬ್ರಿಗೂ ಪಕ್ಕದ ಮನೆಯವರು ಬೇಡ.

ಮೊದಲು ಜಾಗ ಬರೀರಿ, ಜನ ಆಮೇಲೆ

ಒಂದು ಹಾಳೆ ತಗೊಂಡು ನಕ್ಷೆ ಹಾಕಿ. ಯಾರ ಮನೆ ಬಾಗ್ಲು ಯಾವ ಕಡೆ, ಬಚ್ಚಲು ಎಲ್ಲಿ, ಕೊಟ್ಟಿಗೆ ಎಲ್ಲಿ, ಅವಳ ಅಡಿಗೆಮನೆ ಕಿಟಕಿಯಿಂದ ಅವನ ಜಗಲಿ ಕಾಣುತ್ತಾ, ಅವನ ಮನೆ ಲೈಟು ಹಾಕಿದ್ರೆ ಅವಳಿಗೆ ಗೊತ್ತಾಗುತ್ತಾ, ಊರಿನೋರು ರಸ್ತೇಲಿ ನಿಂತ್ರೆ ಯಾವ ಬಾಗ್ಲು ಕಾಣುತ್ತೆ. ಇದನ್ನ ಬೇಸರ ಮಾಡ್ಕೊಳ್ದೆ ಮಾಡಿ, ಯಾಕಂದ್ರೆ ಅಕ್ಕಪಕ್ಕದ ಮನೆ ಕಥೆಯಲ್ಲಿ ಅರ್ಧ ಸಸ್ಪೆನ್ಸ್ ಯಾರಿಗೆ ಏನು ಕಾಣುತ್ತೆ ಅನ್ನೋದ್ರಲ್ಲೇ ಇರುತ್ತೆ, ಪ್ರೀತಿನೂ ಅಲ್ಲೇ ಇರುತ್ತೆ.

ಈಗ ಕಬ್ಬಿನ ವಿಷಯಕ್ಕೆ ಬನ್ನಿ, ಇದು ನನಗೆ ತುಂಬ ಇಷ್ಟದ ಜಾಗ. ಕಬ್ಬು ಹೆಚ್ಚುಕಮ್ಮಿ ಒಂದು ವರ್ಷದ ಬೆಳೆ, ಕೂಳೆ ಬಿಟ್ರೆ, ಅಂದ್ರೆ ಕಡಿದ ಬುಡದಿಂದಲೇ ಮತ್ತೆ ಚಿಗುರೋಕೆ ಬಿಟ್ರೆ, ಸ್ವಲ್ಪ ಬೇಗನೂ ಬರುತ್ತೆ. ಕಥೆನ ಸಂಕ್ರಾಂತಿ ಆಸುಪಾಸಿಗೆ, ಕಟಾವು ಆದ ತಕ್ಷಣ ಶುರು ಮಾಡಿ. ಗದ್ದೆ ಬೋಳು, ಎರಡು ಮನೆ ಎದುರುಬದುರು, ಇಬ್ರೂ ಒಬ್ರನ್ನೊಬ್ರು ದೂರದಿಂದ ನೋಡ್ತಾರೆ, ಊರಿಗೂ ಇಬ್ರೂ ಕಾಣ್ತಾರೆ. ಯುಗಾದಿ ಹೊತ್ತಿಗೆ ಕೂಳೆ ಚಿಗುರಿ ಮೊಣಕಾಲು ಮುಟ್ಟುತ್ತೆ. ಗೌರಿ ಹಬ್ಬದ ಹೊತ್ತಿಗೆ ಆಳೆತ್ತರ ದಾಟಿ ಎದುರು ಮನೆ ಮರೆಯಾಗುತ್ತೆ. ದೀಪಾವಳಿಗೆ ಮಧ್ಯದ ಕಾಲುದಾರಿ ಹಗಲಲ್ಲೂ ಕತ್ಲೆ. ನೋಡಿ, ಅದೇ ಕಬ್ಬು ಅವಳಿಗೆ ಭಯ, ಒಳಗೆ ಯಾರಿದ್ದಾರೋ ಗೊತ್ತಾಗಲ್ಲ, ರಾತ್ರಿ ಸೋಗೆ ಸದ್ದು ಗಾಳಿಗೋ ಮನುಷ್ಯನಿಗೋ ಹೇಳೋಕಾಗಲ್ಲ. ಅದೇ ಕಬ್ಬು ಅವರಿಬ್ರಿಗೆ ಮರೆ, ಊರಿನ ಕಣ್ಣಿಂದ ತಪ್ಪಿಸ್ಕೊಂಡು ಎರಡು ಮಾತಾಡೋಕೆ ಆಗೋದು ಕಬ್ಬು ಬೆಳೆದ ಮೇಲೇನೇ. ಅಂದ್ರೆ ನೀವು ಪುಟಪುಟಕ್ಕೂ ಭಯ ಹೆಚ್ಚಿಸ್ಬೇಕು ಪ್ರೀತಿ ಹೆಚ್ಚಿಸ್ಬೇಕು ಅಂತ ಒದ್ದಾಡೋದು ಬೇಡ, ಗದ್ದೆನೇ ಎರಡನ್ನೂ ಬೆಳೆಸುತ್ತೆ.

ಮೈಸೂರು ಸಿಟಿಯಲ್ಲೇ ಕಥೆ ಇಡ್ತೀನಿ ಅನ್ನೋರು ಅಗ್ರಹಾರದ ಕಡೆ, ಚಾಮುಂಡಿಪುರಂ ಕಡೆ ಹಳೇ ವಠಾರಗಳನ್ನ ನೋಡ್ಕೊಳ್ಳಿ. ಮಧ್ಯದಲ್ಲಿ ಒಂದೇ ಗೋಡೆ, ಆ ಕಡೆ ಕೆಮ್ಮಿದ್ರೆ ಈ ಕಡೆ ಕೇಳುತ್ತೆ, ನಲ್ಲಿಗೂ ಬಟ್ಟೆ ಒಣಗಿಸೋ ತಂತಿಗೂ ಪಾಲು ಇರುತ್ತೆ. ಅಲ್ಲಿ ಕಣ್ಣಿನ ಬದಲು ಕಿವಿ ಕೆಲಸ ಮಾಡುತ್ತೆ, ಬೇರೆ ಏನೂ ಬದಲಾಗಲ್ಲ.

ಗಾಯನ ಕೈಯಲ್ಲಿ, ಅಭ್ಯಾಸದಲ್ಲಿ ತೋರಿಸಿ

ಅವಳು ತುಂಬ ನೊಂದಿದ್ಲು, ಅವನ ಮನಸ್ಸು ಮುರಿದಿತ್ತು ಅಂತ ಬರೆದ್ರೆ ಓದೋರಿಗೆ ಏನೂ ಆಗಲ್ಲ. ನೊಂದವರು ದಿನಾ ಏನು ಮಾಡ್ತಾರೆ ಅಂತ ಬರೀರಿ. ಮಂಗಳ ಸ್ನಾನಕ್ಕೆ ಹೋಗೋಕೆ ಮುಂಚೆ ಮುಂದಿನ ಬಾಗ್ಲ ಅಗುಳಿ ಎರಡು ಸಲ ಎಳೆದು ನೋಡ್ತಾಳೆ. ಮೆಷಿನ್ ತುಳೀತಾ ಕೂರೋವಾಗ ಗೋಡೆಗೆ ಬೆನ್ನು, ಬಾಗ್ಲಿಗೆ ಮುಖ. ಗಂಡಸರು ಜೋರಾಗಿ ನಕ್ಕರೆ ಕೈ ನಿಂತೋಗುತ್ತೆ, ಹೊಲಿಗೆ ಸೊಟ್ಟ ಆಗುತ್ತೆ. ಬೆಂಗಳೂರು ನಂಬರಿಂದ ಫೋನ್ ಬಂದ್ರೆ ಎತ್ತಲ್ಲ, ಆದ್ರೆ ಎಷ್ಟು ಸಲ ರಿಂಗ್ ಆಯ್ತು ಅಂತ ಎಣಿಸ್ತಾಳೆ. ಶಂಕರ ಎಲ್ಲಿಗೇ ಆದ್ರೂ ಸೈಕಲ್ಲು ಇಲ್ಲಾ ಬಸ್ಸು, ಸೈರನ್ ಕೇಳಿದ್ರೆ ಹಾಲಿನ ಕ್ಯಾನು ಕೆಳಗಿಟ್ಟು ಗಡಿಯಾರ ನೋಡ್ಕೋತಾನೆ. ಯಾಕೆ ಅಂತ ಹೇಳಬೇಡಿ. ಮೊದಲ ಕಾಲುಭಾಗದಲ್ಲಿ ಯಾವ ಗಾಯಕ್ಕೂ ಕಾರಣ ಕೊಡ್ಬೇಡಿ, ಬರೀ ಅಭ್ಯಾಸ ಕೊಡಿ, ಕಾರಣ ಓದೋರೇ ಊಹಿಸ್ಕೊಳ್ಲಿ, ತಪ್ಪಾಗಿ ಊಹಿಸಿದ್ರೆ ಇನ್ನೂ ಒಳ್ಳೇದು.

ಇನ್ನೊಂದು ಮಾತು, ಪ್ರೀತಿ ಬಂದ ತಕ್ಷಣ ಗಾಯ ವಾಸಿ ಮಾಡ್ಬೇಡಿ. ಕೊನೇ ಅಧ್ಯಾಯದಲ್ಲೂ ಮಂಗಳ ಅಗುಳಿ ಎಳೆದು ನೋಡ್ಲಿ, ಎರಡರ ಬದಲು ಒಂದೇ ಸಲ ನೋಡಿದ್ರೆ ಸಾಕು, ಅಷ್ಟು ವಾಸಿ ಆದ್ರೆ ಓದೋರು ನಂಬ್ತಾರೆ.

ಕೆಟ್ಟವನ ಕಥೆ ಮೊದಲು ಪೂರ್ತಿ ಬರ್ಕೊಳ್ಳಿ

ಕಾದಂಬರಿಗಲ್ಲ, ನಿಮಗೋಸ್ಕರ. ಎರಡು ಮೂರು ಪುಟ, ತಾರೀಖು ಸಮೇತ, ಅವನು ಯಾವತ್ತು ಏನು ಮಾಡ್ದ. ಇದಿಲ್ದೆ ಬರೆದ ಸಸ್ಪೆನ್ಸ್ ನಡುವಲ್ಲಿ ಖಂಡಿತ ಕುಸಿಯುತ್ತೆ.

ನಮ್ಮ ಕಥೆಯಲ್ಲಿ ಎಲ್ರಿಗೂ ಅನುಮಾನ ಬರೋದು ಬೆಂಗಳೂರಿನ ಗಂಡನ ಮೇಲೆ. ಅವನು ಕೆಟ್ಟೋನೇ, ಆದ್ರೆ ರಾತ್ರಿ ಕಬ್ಬಿನ ಗದ್ದೆಗೆ ಬರ್ತಿರೋದು ಅವನಲ್ಲ. ಬರ್ತಿರೋದು ಮಂಗಳನ ದೊಡ್ಡಪ್ಪನ ಮಗ ನಾಗರಾಜ, ದಿನಾ ನಗ್ತಾ ಬಂದು ಸೊಪ್ಪು ತರಕಾರಿ ಕೊಟ್ಟೋಗೋನು, ಒಬ್ಳೇ ಇರ್ಬೇಡ ಕಣವ್ವ ಜಮೀನು ಮಾರಿ ಪೇಟೆ ಸೇರ್ಕೋ ಅಂತ ಕಾಳಜಿ ಮಾಡೋನು. ಅಜ್ಜಿ ಸತ್ತ ಮೇಲೆ ಪೌತಿ ಖಾತೆ ಆಗಿಲ್ಲ, ಅಂದ್ರೆ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ, ಪಹಣಿ ಇನ್ನೂ ಅಜ್ಜಿ ಹೆಸರಲ್ಲೇ ಇದೆ, ಅಷ್ಟರಲ್ಲಿ ಅವಳನ್ನ ಹೆದರಿಸಿ ಓಡಿಸ್ಬೇಕು, ಗಡಿ ಗುರುತಿನ ಬಾಂದು ಕಲ್ಲು ಕಿತ್ತು ಒತ್ತುವರಿ ಮಾಡ್ಬೇಕು. ಇದು ನಮ್ಮ ಕಡೆ ಯಾವ ಊರಲ್ಲಿ ಹೇಳಿದ್ರೂ ಜನ ಹೌದು ಅಂತ ತಲೆ ಆಡಿಸೋ ಕಾರಣ. ವಿದೇಶದಿಂದ ಬಂದ ಸೈಕೋ ಕೊಲೆಗಾರ, ಮುಖವಾಡ, ಗೋಡೆ ಮೇಲೆ ರಕ್ತದ ಬರಹ, ಇದ್ಯಾವ್ದೂ ಬೇಡ. ಜಮೀನು ಸಾಕು.

ಈಗ ಗುಟ್ಟಿನ ಗಂಟು. ಅಜ್ಜಿಗೆ ಎದೆನೋವು ಬಂದ ರಾತ್ರಿ 108ಕ್ಕೆ ಫೋನ್ ಹೋಗಿತ್ತು, ಗಾಡಿ ಓಡಿಸ್ಕೊಂಡು ಬಂದೋನು ಶಂಕರ. ನಾಲೆ ಏರಿ ರಸ್ತೇಲಿ ಕಬ್ಬು ತುಂಬಿದ ಟ್ರಾಕ್ಟರ್ ಟ್ರೈಲರ್ ಅಡ್ಡ ನಿಂತಿತ್ತು, ಡ್ರೈವರ್ ಇರಲಿಲ್ಲ, ಸುತ್ಕೊಂಡು ಬರೋ ಹೊತ್ತಿಗೆ ಅಜ್ಜಿ ಇಲ್ಲ. ಅವನು ತನ್ನದೇ ತಪ್ಪು ಅಂದ್ಕೊಂಡು ಕೆಲಸ ಬಿಟ್ಟ, ಆ ಮನೆ ಪಕ್ಕದಲ್ಲೇ ಬಾಡಿಗೆಗೆ ಬಂದು ಕೂತ, ಮೊಮ್ಮಗಳು ಬಂದಾಗ ಹೇಳೋಕೆ ಬಾಯಿ ಬರಲಿಲ್ಲ. ಅವನ ಹತ್ರ ಒಂದು ಸಣ್ಣ ನೋಟ್‌ಬುಕ್ ಇದೆ, ಆ ರಾತ್ರಿಯ ಟೈಮು ನಿಮಿಷ ನಿಮಿಷ ಬರ್ಕೊಂಡಿದ್ದಾನೆ.

ಕಾದಂಬರಿಯ ಹೆಚ್ಚುಕಮ್ಮಿ ಅರ್ಧಕ್ಕೆ ಮಂಗಳನ ಕೈಗೆ ಆ ನೋಟ್‌ಬುಕ್ ಸಿಗುತ್ತೆ. ಪಕ್ಕದ ಮನೆ ಗಂಡಸಿನ ಹತ್ರ ತನ್ನ ಅಜ್ಜಿ ಹೆಸರು, ಸತ್ತ ತಾರೀಖು, ಟೈಮು. ಅವಳ ಜಾಗದಲ್ಲಿ ಯಾರಿದ್ರೂ ಆ ರಾತ್ರಿ ಗಂಟು ಕಟ್ತಾರೆ. ಮುಂದೆ ಅದೇ ನೋಟ್‌ಬುಕ್ಕಲ್ಲಿ ಟ್ರಾಕ್ಟರ್ ಎಲ್ಲಿ, ಎಷ್ಟೊತ್ತಿಗೆ ನಿಂತಿತ್ತು ಅನ್ನೋ ಸಾಲು ನಾಗರಾಜನ ಕಡೆ ಬೆರಳು ಮಾಡುತ್ತೆ, ಶಂಕರನಿಗೆ ಮೊದಲ ಸಲ ತನ್ನ ತಪ್ಪಲ್ಲ ಅಂತ ಗೊತ್ತಾಗುತ್ತೆ, ಅದನ್ನ ಅವನಿಗೆ ಹೇಳೋಳು ಮಂಗಳ. ಒಂದು ನೋಟ್‌ಬುಕ್, ಅದೇ ಭಯ, ಅದೇ ಸಾಕ್ಷಿ, ಅದೇ ಪ್ರೀತಿ. ನಿಮ್ಮ ಕಥೆಯಲ್ಲಿ ಇಂಥದ್ದೊಂದು ವಸ್ತು ಸಿಗೋವರೆಗೂ ಒಂದನೇ ಅಧ್ಯಾಯ ಶುರು ಮಾಡ್ಬೇಡಿ, ತಿಂಗಳು ಹಿಡಿದ್ರೂ ಪರವಾಗಿಲ್ಲ.

ಹತ್ರ ಆಗೋದಕ್ಕೆ ಮೆಟ್ಲು ಹಾಕ್ಕೊಳ್ಳಿ

ಸ್ಲೋ ಬರ್ನ್ ಅಂದ್ರೆ ಪ್ರೀತಿ ನಿಧಾನಕ್ಕೆ ಹೊತ್ಕೊಳ್ಳೋದು, ಏನೂ ಆಗ್ದೇ ಇರೋದಲ್ಲ, ಪ್ರತಿ ಭೇಟಿಲೂ ಒಂದು ಸಣ್ಣದು ಬದಲಾಗಬೇಕು, ಬದಲಾದ್ದು ವಾಪಸ್ ಹೋಗೋ ಭಯನೂ ಇರಬೇಕು. ನಮ್ಮ ಮನೆಗಳಲ್ಲಿ ಈ ಮೆಟ್ಲು ರೆಡಿಯಾಗೇ ಇದೆ: ರಸ್ತೆ, ಬೇಲಿ, ಅಂಗಳ, ಜಗಲಿ, ನಡುಮನೆ, ಅಡಿಗೆಮನೆ. ಯಾರು ಯಾವ ತಿಂಗಳು ಎಲ್ಲಿವರೆಗೆ ಬರ್ತಾರೆ ಅಂತ ಮೊದಲೇ ಬರ್ಕೊಳ್ಳಿ. ಶಂಕರ ಆಷಾಢದವರೆಗೂ ಜಗಲಿ ಮೆಟ್ಲು ಹತ್ತಲ್ಲ, ಮಳೇಲಿ ನೆಂದ್ರೂ ಅಂಗಳದಲ್ಲೇ ನಿಂತು ಮಾತಾಡ್ತಾನೆ, ಅವಳು ಬನ್ನಿ ಅನ್ನಲ್ಲ. ಅವಳು ಮೊದಲ ಸಲ ಬನ್ನಿ ಅಂದಾಗ ಓದೋರ ಎದೆ ಹೊಡ್ಕೋಬೇಕು, ಒಂದು ಮುತ್ತಿಗಿಂತ ಜಾಸ್ತಿ.

ಕೊಡು ತಗೊಳ್ಳೋದನ್ನ ಚೆನ್ನಾಗಿ ಬಳಸ್ಕೊಳ್ಳಿ. ಕೊಟ್ಟ ಪಾತ್ರೆನ ಬರಿದು ಮಾಡಿ ವಾಪಸ್ ಕೊಡಬಾರದು ಅನ್ನೋದು ನಮ್ಮಲ್ಲಿ ಹುಟ್ಟಿದಾಗಿಂದ ಕೇಳಿದ್ದು. ಗಿಣ್ಣು ಹಾಲು ಕೊಟ್ಟ ತಂಬಿಗೆಲಿ ಅವಳು ನಾಲ್ಕು ಹಸಿಮೆಣಸಿನಕಾಯಿ ಹಾಕಿ ಬೇಲಿ ಮೇಲಿಟ್ಟು ಹೋಗ್ತಾಳೆ, ಕರೆಯಲ್ಲ. ಮುಂದಿನ ಸಲ ಅವನು ಬೆಲ್ಲದಚ್ಚು ಹಾಕ್ತಾನೆ. ಒಂದಿನ ತಂಬಿಗೆ ಬರಿದಾಗಿ ಬರುತ್ತೆ. ಯಾಕೆ ಬರಿದು? ಕೋಪನಾ, ಇಲ್ಲಾ ತಂದಿಟ್ಟೋನು ಬೇರೆ ಯಾರೋನಾ? ಇದೊಂದೇ ಪ್ರಶ್ನೆ ಮೇಲೆ ಒಂದು ಅಧ್ಯಾಯ ನಿಲ್ಲುತ್ತೆ. ಅವರೆಕಾಯಿ ಕಾಲ ಬಂದಾಗ ಇಬ್ರೂ ಜಗಲಿ ಮೇಲೆ ಕೂತು ಹಿತ್ಕಬೇಳೆಗೆ ಕಾಳು ಹಿಸುಕ್ತಿರೋ ಒಂದು ಸೀನು ಬರೀರಿ, ಕೈಗೆ ಕೆಲಸ ಇದ್ದಾಗ ನೊಂದವರು ಮಾತಾಡ್ತಾರೆ, ಮುಖ ನೋಡ್ದೇ ಮಾತಾಡಬಹುದಲ್ಲ ಅದಕ್ಕೆ.

ಕರೆಯೋ ಹೆಸರು ಇನ್ನೂ ಮುಖ್ಯ. ನಮ್ಮ ಕಡೆ ಒಬ್ಬಂಟಿ ಹೆಣ್ಣುಮಗಳು ಪಕ್ಕದ ಮನೆ ಗಂಡಸನ್ನ ಅಣ್ಣ ಸೇರಿಸೇ ಕರೀತಾಳೆ, ಅದು ಮರ್ಯಾದೆನೂ ಹೌದು, ಬೇಲಿನೂ ಹೌದು.

"ಶಂಕ್ರಣ್ಣ, ರಾತ್ರಿ ಟಾರ್ಚ್ ಹಿಡ್ಕೊಂಡು ಗದ್ದೆ ಕಡೆ ಹೋಗಿದ್ದು ನೀವಾ?"

"ಹೂಂ ಕಣಮ್ಮ. ತ್ರೀಫೇಸ್ ಬಂದಿತ್ತು, ಮೋಟ್ರು ಹಾಕೋಕೆ ಹೋಗಿದ್ದೆ."

"ಎಷ್ಟೊತ್ನಲ್ಲಿ?"

"ಎರಡು ಗಂಟೆ ಇರಬಹುದು."

ಅವಳು ಬೆಳಕು ನೋಡಿದ್ದು ಮೂರೂವರೆಗೆ. ಏನೂ ಹೇಳ್ದೆ ಒಳಗೆ ಹೋಗ್ತಾಳೆ.

ಪಂಪ್‌ಸೆಟ್ಟಿಗೆ ಕರೆಂಟು ಹಗಲು ರಾತ್ರಿ ಪಾಳಿ ಮೇಲೆ ಬರೋದ್ರಿಂದ ರೈತ ಅರ್ಧರಾತ್ರೀಲಿ ಗದ್ದೆಗೆ ಹೋಗೋದು ನಮಗೆ ಮಾಮೂಲಿ, ಅದಕ್ಕೇ ಅದು ಸಸ್ಪೆನ್ಸಿಗೆ ಇಷ್ಟು ಒಳ್ಳೇದು, ಮಾಮೂಲಿ ವಿಷಯದ ಒಳಗೆ ಒಂದೂವರೆ ಗಂಟೆ ಲೆಕ್ಕ ಸಿಗ್ತಿಲ್ಲ ಅಷ್ಟೇ. ಮುಂದೆ ಕಥೆ ಅರ್ಧ ದಾಟಿದ ಮೇಲೆ ಅವಳ ಬಾಯಲ್ಲಿ ಅಣ್ಣ ನಿಲ್ಲುತ್ತೆ, ಆದ್ರೆ ಬರೀ ಹೆಸರು ಹಿಡಿದು ಕರೆಯೋಕೂ ಬಾಯಿ ಬರಲ್ಲ, ಹಿಂಗಾಗಿ ಎಷ್ಟೋ ಅಧ್ಯಾಯ ಅವನನ್ನ ಏನಂತಾನೂ ಕರೆಯಲ್ಲ, "ಇಲ್ನೋಡಿ", "ಕೇಳುಸ್ತಾ" ಅಂತ ಶುರು ಮಾಡ್ತಾಳೆ. ಅವನಿಗದು ಗೊತ್ತಾಗುತ್ತೆ, ಕೇಳಲ್ಲ. ಇತ್ತ ನಾಗರಾಜನ್ನ ಕೊನೇವರೆಗೂ ಅಣ್ಣ ಅಂತಾನೇ ಕರೀತಾಳೆ, ಓದೋರಿಗೆ ಸತ್ಯ ಗೊತ್ತಾದ ಮೇಲೆ ಪ್ರತಿ ಅಣ್ಣನೂ ಚುಚ್ಚಬೇಕು.

ಹಿಂದೆ ಬೀಳೋದನ್ನ ಪ್ರೀತಿ ಅಂತ ಬರೀಬೇಡಿ

ಇದನ್ನ ಗಟ್ಟಿಯಾಗಿ ಹೇಳ್ತೀನಿ. ಹುಡುಗಿ ಬೇಡ ಅಂದ್ರೂ ಹಿಂದೆ ಸುತ್ತೋದು, ಬಸ್‌ಸ್ಟಾಪಲ್ಲಿ ಕಾಯೋದು, ಫೋನ್ ಮೇಲೆ ಫೋನ್ ಮಾಡೋದು, ಕೊನೆಗೆ ಅವಳು ಕರಗೋದು, ಇದನ್ನ ನಾವು ಎಷ್ಟು ನೋಡಿದ್ದೀವಿ ಅಂದ್ರೆ ಕೈ ತಾನೇ ಅದನ್ನ ಬರೆಯುತ್ತೆ. ಕಾನೂನಲ್ಲಿ ಅದು ಅಪರಾಧ, 2024 ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78, ಅದಕ್ಕೆ ಮುಂಚೆ ಐಪಿಸಿ 354 ಡಿ. ಅದೂ ಅಲ್ದೆ ನಿಮ್ಮ ಕಥೆಯಲ್ಲಿ ಅವಳು ಓಡಿ ಬಂದಿರೋದೇ ಅಂಥೋನಿಂದ. ಹಂಗಾಗಿ ಶಂಕರ ಅದರ ಉಲ್ಟಾ ಇರಬೇಕು. ಅವಳು ಹೋಗಿ ಅಂದ್ರೆ ಹೋಗ್ಬೇಕು, ಯಾಕೆ ಅಂತ ಕೇಳಬಾರದು. ಕತ್ಲೇಲಿ ಅವಳ ಮನೆ ಕಡೆ ಬರೋವಾಗ ದೂರದಿಂದಲೇ ಕೆಮ್ಮಿ ಸದ್ದು ಮಾಡ್ಕೊಂಡು ಬರಬೇಕು, ಅವಳು ಬೆಚ್ಚಬಾರದು ಅಂತ. ಈ ಕೆಮ್ಮು ಮುಂದೆ ಪ್ಲಾಟಿಗೂ ಆಗುತ್ತೆ, ಒಂದು ರಾತ್ರಿ ಹೆಜ್ಜೆ ಸದ್ದು ಬರುತ್ತೆ, ಕೆಮ್ಮು ಬರಲ್ಲ, ಬಂದಿರೋದು ಶಂಕರ ಅಲ್ಲ ಅಂತ ಅವಳಿಗೂ ಓದೋರಿಗೂ ಒಟ್ಟಿಗೇ ಗೊತ್ತಾಗುತ್ತೆ.

ಸುಳಿವು ಇಡೋದು

ಸುಳಿವು ಆ ಜಾಗದ್ದೇ ಆಗಿರಬೇಕು, ಅಲ್ಲಿ ಬದುಕಿದೋರಿಗೆ ಮಾತ್ರ ಗೊತ್ತಾಗೋಥರ. ಒಂದೆರಡು ಹೇಳ್ತೀನಿ.

ಚಿರತೆ. ಮಂಡ್ಯ ಮೈಸೂರು ಕಡೆ ಕಬ್ಬಿನ ಗದ್ದೇಲಿ ಚಿರತೆ ಸೇರ್ಕೊಳ್ಳೋದು, ಮರಿ ಸಿಗೋದು, ಅರಣ್ಯ ಇಲಾಖೆಯವರು ಬೋನು ಇಡೋದು ನಿಜವಾಗ್ಲೂ ಆಗುತ್ತೆ. ನಾಗರಾಜ ಇದನ್ನ ಬಳಸ್ಕೋತಾನೆ, ಗದ್ದೇಲಿ ಚಿರತೆ ಐತೆ ಅಂತ ಹಬ್ಬಿಸ್ತಾನೆ, ಊರಿನೋರು ಸಂಜೆ ಮೇಲೆ ಆ ಕಡೆ ಬರೋದು ನಿಲ್ಲಿಸ್ತಾರೆ, ಅವನಿಗೆ ದಾರಿ ಸಲೀಸು. ಕೆಸರಲ್ಲಿ ಹೆಜ್ಜೆನೂ ತೋರಿಸ್ತಾನೆ. ಫಾರೆಸ್ಟ್ ವಾಚರ್ ಬಂದು ನೋಡಿ ಇದು ನಾಯಿ ಅಂತಾನೆ, ಯಾಕಂದ್ರೆ ಚಿರತೆ ನಡೆಯೋವಾಗ ಉಗುರು ಒಳಗೆ ಎಳ್ಕೊಂಡಿರುತ್ತೆ, ಸಾಮಾನ್ಯವಾಗಿ ಹೆಜ್ಜೇಲಿ ಉಗುರಿನ ಗುರುತು ಬೀಳಲ್ಲ, ನಾಯಿದು ಬೀಳುತ್ತೆ. ಊರಿನೋರಿಗೆ ಸಮಾಧಾನ ಆಗುತ್ತೆ. ಮಂಗಳನಿಗೆ ಭಯ ಜಾಸ್ತಿ ಆಗುತ್ತೆ, ಹಂಗಾದ್ರೆ ರಾತ್ರಿ ಕಬ್ಬು ಅಲ್ಲಾಡಿದ್ದು ಯಾರಿಂದ? ಆ ಪ್ರಶ್ನೆ ಕೇಳೋಕೆ ಅವಳಿಗೆ ಇರೋದು ಶಂಕರ ಒಬ್ನೇ, ಅವನ ಮೇಲೇ ಅನುಮಾನ ಬೇರೆ. ಇಲ್ಲೂ ನೋಡಿ, ಭಯ ಅವಳನ್ನ ಅವನ ಬಾಗ್ಲಿಗೇ ತಂದು ನಿಲ್ಲಿಸ್ತು.

ನಾಲೆ. ನಮ್ಮಲ್ಲಿ ನಾಲೆಗೆ ನೀರು ಯಾವಾಗ್ಲೂ ಇರಲ್ಲ, ಕಟ್ಟು ಪದ್ಧತಿ ಮೇಲೆ ಕೆಲವು ದಿನ ಬಿಡ್ತಾರೆ, ಕೆಲವು ದಿನ ನಿಲ್ಲಿಸ್ತಾರೆ. ಕನ್ನಂಬಾಡಿ ಕಟ್ಟೆ ತುಂಬಿದ್ಯಾ ಇಲ್ವಾ ಅನ್ನೋದರ ಮೇಲೆ ಇಡೀ ಜಿಲ್ಲೆಯ ಮೂಡು ನಿಂತಿರುತ್ತೆ, 124.80 ಅಡಿ ಅಂದ್ರೆ ಭರ್ತಿ ಅಂತ ಸ್ಕೂಲು ಹುಡುಗ್ರೂ ಹೇಳ್ತಾರೆ. ನಾಗರಾಜ ಕಿತ್ತ ಬಾಂದು ಕಲ್ಲನ್ನ ತುಂಬಿ ಹರಿಯೋ ಉಪನಾಲೆಗೆ ರಾತ್ರಿ ತಳ್ಳಿದ್ದ. ಮಳೆ ಕೈಕೊಟ್ಟು ನೀರು ನಿಲ್ಲಿಸಿದಾಗ ಕೆಸರಲ್ಲಿ ಕಲ್ಲು ತಲೆ ಎತ್ತುತ್ತೆ. ಕಾಣಿಸೋದು ಗದ್ದೆಗಳಿಗೆ ನೀರು ಹಾಯಿಸೋ ನೀರುಗಂಟಿಗೆ, ಮಾತು ಕಮ್ಮಿ ಇರೋ ಮುದುಕ, ಯಾವ ಕಲ್ಲು ಯಾರ ಜಮೀನಿಂದು ಅಂತ ಗೊತ್ತಿರೋನು. ಇಂಥ ಪಾತ್ರಕ್ಕೆ ಜಾಗ ಕೊಡಿ, ಊರಿನ ನಿಜ ಗೊತ್ತಿರೋರು ಜೋರಾಗಿ ಮಾತಾಡೋರಲ್ಲ.

ಇನ್ನು ಬಸ್ ಟಿಕೆಟ್ಟು. 2023 ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಮಕ್ಳಿಗೆ ಸರ್ಕಾರಿ ಬಸ್ಸು ಫ್ರೀ, ಆದ್ರೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ, ಎಲ್ಲಿಂದ ಎಲ್ಲಿಗೆ ಅಂತ ಅದ್ರಲ್ಲಿರುತ್ತೆ. ಮಂಗಳ ಮೈಸೂರಿಗೆ ಹೋಗಿದ್ದೆ ಅಂದಿದ್ದಾಳೆ, ಬ್ಲೌಸ್ ಪೀಸಿನ ಜೊತೆ ಸಿಕ್ಕ ಟಿಕೆಟ್ ಮಂಡ್ಯದ್ದು. ಅವಳಿಗೂ ಗುಟ್ಟು ಇರಬೇಕು, ಅನುಮಾನ ಬರೀ ಒಂದು ಕಡೆಯಿಂದ ಹರಿದ್ರೆ ಅವಳು ಪಾಪದ ಬೊಂಬೆ ಆಗೋಗ್ತಾಳೆ.

ಊರನ್ನ ಮರೀಬೇಡಿ

ಇಬ್ರೇ ಇರೋ ಕಥೆ ನಮ್ಮ ಹಳ್ಳೀಲಿ ಸಾಧ್ಯ ಇಲ್ಲ. ಬಂದ ಮೊದಲ ವಾರನೇ ಯಾವ ಪೈಕಿ, ಗಂಡ ಎಲ್ಲಿ, ಮಕ್ಳೆಷ್ಟು ಅಂತ ಕೇಳೇ ಕೇಳ್ತಾರೆ, ಜಾತಿ ಪ್ರಶ್ನೆ ಹಾರಿಸಿ ಬರೆದ್ರೆ ಅದು ಎಲ್ಲೂ ಇಲ್ದಿರೋ ಊರಾಗುತ್ತೆ. ಬೆಳಿಗ್ಗೆ ಸಂಜೆ ಹಾಲು ಹಾಕೋಕೆ ಡೈರಿ ಮುಂದೆ ಎಲ್ರೂ ಸೇರ್ತಾರೆ, ಸುದ್ದಿ ಹುಟ್ಟೋದು ಅಲ್ಲೇ, ಅವಳ ಹೆಸರು ಅವನ ಹೆಸರಿನ ಜೊತೆ ಮೊದಲು ಸೇರೋದು ಅಲ್ಲೇ, ಇವರಿಬ್ರಿಗೆ ಇನ್ನೂ ಏನೂ ಅನ್ಸೋಕೆ ಮುಂಚೆನೇ. ಹಂಗಂತ ಊರನ್ನ ಬರೀ ಕೆಟ್ಟದಾಗಿ ತೋರಿಸೋದೂ ಅನ್ಯಾಯ. ಅವಳಿಗೆ ಜ್ವರ ಬಂದಾಗ ಮುದ್ದೆ ಉಪ್ಪುಸಾರು ತಂದಿಟ್ಟು ಬೈದು ತಿನ್ನಿಸಿ ಹೋಗೋಳು ಅದೇ ಡೈರಿ ಹತ್ರ ಮಾತಾಡಿದ ಅಕ್ಕನೇ ಆಗಿರಲಿ.

ಪೊಲೀಸು, ಕೋರ್ಟು, ರಸ್ತೆ ಸರಿಯಾಗಿ ಬರೀರಿ

ಇದು ಚಿಕ್ಕ ಭಾಗ, ಆದ್ರೆ ಇಲ್ಲಿ ಎಡವಿದ್ರೆ ಓದೋರ ನಂಬಿಕೆ ಹೋಗುತ್ತೆ. ಎಮರ್ಜೆನ್ಸಿಗೆ 112, ಮಹಿಳಾ ಸಹಾಯವಾಣಿ 181. ಗಂಡನ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಸಂರಕ್ಷಣಾಧಿಕಾರಿ ಇರ್ತಾರೆ, ಮ್ಯಾಜಿಸ್ಟ್ರೇಟ್ ರಕ್ಷಣಾ ಆದೇಶ ಕೊಡ್ತಾರೆ, ಅದನ್ನ ಮುರಿದ್ರೆ ಒಂದು ವರ್ಷದವರೆಗೆ ಜೈಲಾಗಬಹುದು. ಮಂಗಳ ಗುಟ್ಟಾಗಿ ಮಂಡ್ಯಕ್ಕೆ ಹೋಗ್ತಿದ್ದಿದ್ದು ಇದಕ್ಕೇ. ಜಮೀನು ಗಡಿಗೆ ಹದ್ದುಬಸ್ತು ಅರ್ಜಿ ಹಾಕಿ ಸರ್ವೆಯವರಿಂದ ಅಳತೆ ಮಾಡಿಸ್ತಾರೆ, ಆ ಅಳತೆ ದಿನ ಒಂದು ಒಳ್ಳೇ ಸೀನಾಗುತ್ತೆ, ಊರೆಲ್ಲ ಬಂದು ನಿಂತಿರುತ್ತೆ. ಶಂಕರನ ಫ್ರೆಂಡು ಯಾರೋ ಒಬ್ಬ ಕಂಪ್ಯೂಟರ್ ಮುಂದೆ ಕೂತು ಯಾವ ನಂಬರಿನ ಕಾಲ್ ಡೀಟೇಲ್ಸ್ ಆದ್ರೂ ತೆಗೀತಾನೆ ಅಂತ ಬರೀಬೇಡಿ, ಅದು ಪೊಲೀಸರು ಪ್ರೊಸೀಜರ್ ಮೇಲೆ ತಗೊಳ್ಳೋದು. ಹಂಗೇ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಚೇಸಿಂಗ್ ಕೂಡ ಬೇಡ, 2023 ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು ಆಟೋ ಬಿಡಲ್ಲ, ಸರ್ವಿಸ್ ರೋಡಲ್ಲೇ ಹೋಗ್ಬೇಕು. ಕಥೆ ಯಾವ ವರ್ಷ ನಡೆಯುತ್ತೆ ಅಂತ ಮೊದಲೇ ಗಟ್ಟಿ ಮಾಡ್ಕೊಂಡ್ರೆ ಇದೆಲ್ಲ ತಾನಾಗೇ ಸರಿಹೋಗುತ್ತೆ.

ಕೊನೇ ಭಾಗ

ಒಂದು ವರ್ಷ ತುಂಬಿತು, ಮತ್ತೆ ಸಂಕ್ರಾಂತಿ. ಕಬ್ಬು ಕಟಾವಿಗೆ ಬಂದಿದೆ, ಬುಡದಲ್ಲಿ ಒಣಗಿದ ತರಗು, ಕಿಡಿ ಬಿದ್ರೆ ಸಾಕು. ಸಂಜೆ ಊರಲ್ಲಿ ಹಸು ಎತ್ತು ಸಿಂಗಾರ ಮಾಡಿ ಕಿಚ್ಚು ಹಾಯಿಸ್ತಾರೆ, ಊರೆಲ್ಲ ಅಲ್ಲಿ, ಹೊಗೆ ಬೆಂಕಿ ಎಲ್ಲಾದ್ರೂ ಕಂಡ್ರೆ ಯಾರೂ ಅನುಮಾನ ಪಡಲ್ಲ. ನಾಗರಾಜ ಗದ್ದೆಗೆ ಬೆಂಕಿ ಹಾಕೋಕೆ ಇದಕ್ಕಿಂತ ಒಳ್ಳೇ ಟೈಮು ಇಲ್ಲ. ಹಬ್ಬನ ಬರೀ ಅಲಂಕಾರಕ್ಕೆ ಹಾಕೋದಕ್ಕೂ ಹಿಂಗೆ ಕಥೆ ಒಳಗೆ ಕಟ್ಟೋದಕ್ಕೂ ಇರೋ ವ್ಯತ್ಯಾಸ ಗಮನಿಸಿ.

ಕ್ಲೈಮ್ಯಾಕ್ಸಲ್ಲಿ ಹೀರೋ ಬಂದು ಹೀರೋಯಿನ್ನ ಕಾಪಾಡೋದು ಬೇಡ. ಮಂಗಳ ತಾನೇ ಹೊರಗೆ ಬರ್ತಾಳೆ, ಒಂದು ವರ್ಷದಿಂದ ಎಲ್ಲಿ ಬಾಗ್ಲು ಎಲ್ಲಿ ದಾರಿ ಅಂತ ಲೆಕ್ಕ ಹಾಕ್ಕೊಂಡೇ ಬದುಕಿದೋಳು ಅವಳು, ಭಯದ ಅಭ್ಯಾಸನೇ ಅವಳನ್ನ ಉಳಿಸುತ್ತೆ. ಗಾಳಿ ತಿರುಗಿ ಸುಟ್ಟುಕೊಳ್ಳೋದು ನಾಗರಾಜ. ಆಂಬುಲೆನ್ಸ್ ಬರೋಕೆ ಹೊತ್ತಾಗುತ್ತೆ, ಅಲ್ಲೇ ಒಂದು ಗೂಡ್ಸ್ ಆಟೋ ನಿಂತಿದೆ, ಅದನ್ನ ಮಂಡ್ಯ ಮಿಮ್ಸ್ ಆಸ್ಪತ್ರೆವರೆಗೆ ಓಡಿಸಬೇಕಾದೋನು ಶಂಕರ, ಒಳಗೆ ಮಲಗಿರೋನು ಆ ರಾತ್ರಿ ಟ್ರಾಕ್ಟರ್ ಅಡ್ಡ ನಿಲ್ಲಿಸಿದೋನು. ಅವನು ಸ್ಟೇರಿಂಗ್ ಹಿಡೀತಾನಾ? ಮಂಗಳ ಪಕ್ಕದಲ್ಲಿ ಕೂರ್ತಾಳಾ, ಏನಂತ ಕರೀತಾಳೆ? ಇಡೀ ಕಾದಂಬರಿಯ ಪ್ರೀತಿ, ಭಯ, ಗಾಯ ಮೂರೂ ಆ ಒಂದು ಸೀಟಿಗೆ ಬಂದು ಕೂತಿರುತ್ತೆ, ಇಲ್ಲಿ ಅವಸರ ಮಾಡ್ದೇ ಬರೀರಿ, ಬೇಕಾದ್ರೆ ಎರಡು ಅಧ್ಯಾಯ ತಗೊಳ್ಳಿ. ಮದುವೆ ಸೀನು ಬೇಕೇ ಬೇಕು ಅಂತೇನಿಲ್ಲ, ಆದ್ರೆ ಇಬ್ರೂ ಜೊತೆಗಿರ್ತಾರೆ ಅನ್ನೋದು ಓದೋರಿಗೆ ಖಾತ್ರಿ ಆಗಬೇಕು, ಇಷ್ಟು ಕಾಯಿಸಿ ಬೇರೆ ಮಾಡೋದು ಮೋಸ.

ಬರೆದಾದ ಮೇಲೆ

ಮೊಬೈಲ್ ಆಪಲ್ಲಿ ಕಂತು ಕಂತಾಗಿ ಹಾಕೋರು ಪ್ರತಿ ಕಂತನ್ನೂ ಕಿರುಚಾಟದಲ್ಲೇ ಮುಗಿಸ್ಬೇಡಿ, ಎರಡು ಸಲ ಭಯದಲ್ಲಿ ನಿಲ್ಲಿಸಿದ್ರೆ ಮೂರನೇ ಸಲ ಒಂದು ಬರಿದಾದ ತಂಬಿಗೇಲಿ ನಿಲ್ಲಿಸಿ, ಮುಂದಿನ ಕಂತಿಗೆ ಜನ ಬಂದೇ ಬರ್ತಾರೆ. ಪೂರ್ತಿ ಪುಸ್ತಕ ಬರೆಯೋರಿಗೆ 60ರಿಂದ 70 ಸಾವಿರ ಪದ ಸಾಕು, ಅದರಲ್ಲಿ ಮೊದಲ ಸಲ ಕೈ ಹಿಡಿಯೋದು ಅರ್ಧ ಆದ ಮೇಲೆ ಬರಲಿ.

ಕರಡು ಮುಗಿದ ಮೇಲೆ ಇಬ್ರಿಗೆ ಕೊಡಿ, ಒಬ್ರು ಕಬ್ಬು ಬೆಳೆದು ಗೊತ್ತಿರೋರು, ಇನ್ನೊಬ್ರು ಇಂಥ ಕಾದಂಬರಿ ತುಂಬ ಓದೋರು. ಇಬ್ರಿಗೂ ಎರಡು ಬಣ್ಣದ ಪೆನ್ನು ಕೊಟ್ಟು, ಭಯ ಆದ ಕಡೆ ಕೆಂಪು ಗೆರೆ, ಇವರಿಬ್ರೂ ಒಂದಾಗಲಿ ಅನ್ನಿಸಿದ ಕಡೆ ನೀಲಿ ಗೆರೆ ಹಾಕಿ ಅಂತ ಹೇಳಿ. ಕೆಂಪು ಒಂದು ಕಡೆ ನೀಲಿ ಒಂದು ಕಡೆ ಗುಂಪಾಗಿ ಬಂದಿದ್ರೆ ನಿಮ್ಮ ಹತ್ರ ಇನ್ನೂ ಎರಡು ಕಾದಂಬರಿ ಇದೆ ಅಂತ ಅರ್ಥ. ಆಗ ಬರೀ ನೀಲಿ ಇರೋ ಅಧ್ಯಾಯ ತಗೊಂಡು, ಅದರಲ್ಲಿ ಅವಳಿಗೆ ಅವನ ಬಗ್ಗೆ ಗೊತ್ತಿಲ್ದಿರೋ ಒಂದು ವಿಷಯ ಸೇರಿಸಿ. ಬರೀ ಕೆಂಪು ಇರೋದ್ರಲ್ಲಿ ಅವನು ಮಾಡಿದ ಒಂದು ಸಣ್ಣ ಕೆಲಸ ಸೇರಿಸಿ, ಅವಳು ಆಗ ಗಮನಿಸದೆ ಮಾರನೇ ದಿನ ಗಮನಿಸೋ ಅಂಥದ್ದು. ಎರಡು ಗೆರೆ ಒಂದೇ ಪುಟದಲ್ಲಿ ಬರೋ ತನಕ ತಿದ್ದಿ.